ನಿಯತ್ತಿನವರ ಸರದಿ

ಕಳೆದ ತಿಂಗಳು ಒಂದು ನಾಮಕರಣಕ್ಕೆಂದು ಮೆಟ್ರೊದಲ್ಲಿ ಹೋಗುತ್ತಿದ್ದೆ. ಪೀಣ್ಯದಲ್ಲಿ ರೈಲು ನಿಂತು ಬಾಗಿಲು ತೆರೆದಾಗ ಕೆಳಗಿನಿಂದ ಒಂದು ವಾಸನೆ ಒಳಗೆ ಬಂತು. ಕಬ್ಬಿಣ ಕೊರೆಯುವಾಗ ಸುರಿಯುವ ಎಣ್ಣೆ, ಮಳೆಗೆ ನೆನೆದ ತುಕ್ಕು, ಎಲ್ಲೋ ಕಟ್ಟಿಕೊಂಡ ಮೋರಿ, ಎಲ್ಲ ಸೇರಿದ ವಾಸನೆ. ಬಾಗಿಲು ಮುಚ್ಚಿ ರೈಲು ಹೊರಟ ಮೇಲೆ ಕಿಟಕಿಯಿಂದ ನೋಡಿದೆ. ಕೆಳಗೆ ಶೀಟಿನ ಮನೆಗಳ ಸಾಲು ಒಂದರ ಬೆನ್ನಿಗೆ ಒಂದು ಅಂಟಿಕೊಂಡು ಹೋಗುತ್ತಿತ್ತು. ಅಂಥ ಶೀಟುಗಳ ಕೆಳಗೆ ತಲೆ ತಗ್ಗಿಸಿ ಒಂದು ಬೇಸಿಗೆಯೆಲ್ಲ ಓಡಾಡಿದವಳು ನಾನು. ಮೇಲಿನಿಂದ ನೋಡಿದ್ದು ಇದೇ ಮೊದಲು.

ಪಕ್ಕದಲ್ಲಿ ಕೂತಿದ್ದ ನನ್ನ ನಾದಿನಿಯ ಮಗಳು ಕೇಳಿದಳು. "ಅತ್ತೆ, ನೀವು ಇಲ್ಲೇ ಅಲ್ವಾ ಕಾರ್ಪೊರೇಟರ್ ಆಗಿದ್ದು? ಅಮ್ಮ ಹೇಳ್ತಿದ್ರು."

"ಹೂಂ" ಎಂದು ಹೇಳಿ, ಮಗುವಿಗೆ ತಂದ ಬಟ್ಟೆಯ ಅಳತೆ ಸರಿಹೋಗುತ್ತದೋ ಇಲ್ಲವೋ ಎಂದು ಮಾತು ತಿರುಗಿಸಿದೆ. ಯಾರು ಕೇಳಿದರೂ ನಾನು ಹೀಗೇ ಮಾಡುವುದು. ಒಂದೇ ಒಂದು ಅವಧಿ ಆಗಿದ್ದೆ. ಮುಂದಿನ ಚುನಾವಣೆಯಲ್ಲಿ ನನ್ನ ಗಂಡ ನಿಂತು ಸೋತರು. ಅಲ್ಲಿಗೆ ನಮ್ಮ ಮನೆಯ ರಾಜಕೀಯ ಮುಗಿಯಿತು. ಆ ಸೋಲಿನ ಬಗ್ಗೆ ನನಗೆ ಬೇಸರವಿಲ್ಲ. ಗೆದ್ದ ವರ್ಷ ನೆನಪಾದರೆ ಮಾತ್ರ ಇವತ್ತಿಗೂ ಮುಖ ಬಿಸಿಯಾಗುತ್ತದೆ.

ನಾನು ಮಾಗಡಿ ಕಡೆಯವಳು. ಬಿ.ಎ. ಮುಗಿಸಿ ಈ ಮನೆಗೆ ಸೊಸೆಯಾಗಿ ಬಂದಾಗ ನಮ್ಮೂರು ಇನ್ನೂ ಪಂಚಾಯಿತಿಯಲ್ಲಿತ್ತು. ಊರು ಅನ್ನುವುದು ಹೆಸರಿಗಷ್ಟೇ. ಮಾರಮ್ಮನ ಗುಡಿಯ ಸುತ್ತ ಒಂದಷ್ಟು ಹಳೆಯ ಮನೆಗಳಿದ್ದವು. ಅವುಗಳ ಹಿಂದೆ, ಮೊದಲು ರಾಗಿ ಬೆಳೆಯುತ್ತಿದ್ದ ತಗ್ಗಿನಲ್ಲಿ, ಬಾಡಿಗೆಗೆಂದು ಕಟ್ಟಿದ ಶೀಟಿನ ಮನೆಗಳ ಸಾಲುಗಳು. ಊರಿನವರು ಅದನ್ನು 'ಲೈನು' ಎನ್ನುತ್ತಿದ್ದರು. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯಲು ಯಾದಗಿರಿ, ರಾಯಚೂರು, ಬಿಜಾಪುರದ ಕಡೆಯಿಂದ ಬಂದವರು ಅಲ್ಲಿದ್ದರು. ಆ ಮನೆಗಳಲ್ಲಿ ಕೆಲವು ನಮ್ಮವು, ಉಳಿದವು ಊರಿನ ಬೇರೆ ಬೇರೆ ಯಜಮಾನರವು. ಬೆಳಿಗ್ಗೆ ಶಿಫ್ಟಿಗೆ ಹೊರಟವರ ಸೈಕಲ್ಲು, ಬುತ್ತಿ ಚೀಲಗಳ ಸಾಲು ನಮ್ಮ ಮನೆಯ ಮುಂದೆಯೇ ಹಾದುಹೋಗುತ್ತಿತ್ತು.

ನನ್ನ ಮಾವ ಕೆಂಪಣ್ಣನವರು ಬಹಳ ವರ್ಷ ಪಂಚಾಯಿತಿ ಅಧ್ಯಕ್ಷರಾಗಿದ್ದವರು. ಅವರ ಬಗ್ಗೆ ಕೆಟ್ಟದ್ದನ್ನಷ್ಟೇ ಹೇಳಿದರೆ ಸುಳ್ಳಾಗುತ್ತದೆ. ಜನರನ್ನು ಕಟ್ಟುವುದು ಅವರಿಗೆ ನಿಜವಾಗಿಯೂ ಗೊತ್ತಿತ್ತು. ಬೆಳಿಗ್ಗೆ ಜಗಲಿಯಲ್ಲಿ ಕೂತರೆ ಬಂದವರನ್ನು ನಿಲ್ಲಿಸಿ ಮಾತಾಡಿಸುತ್ತಿರಲಿಲ್ಲ. "ಕೂತ್ಕೋ ಮೊದ್ಲು. ಏನಾರ ತಿಂದಾ?" ಎಂದು ಕೇಳಿಯೇ ಮುಂದಿನ ಮಾತು. ಯಾರ ಹೆಂಡತಿಗೆ ಹೆರಿಗೆ ಹತ್ತಿರ ಬಂದಿದೆ, ಯಾರ ತಮ್ಮನಿಗೆ ಕೆಲಸ ಹೋಗಿದೆ ಎಲ್ಲವೂ ಅವರ ಬಾಯಲ್ಲೇ ಇರುತ್ತಿತ್ತು.

ಒಂದು ಸಲ ಲೈನಿನ ಶರಣಪ್ಪ ಎಂಬ ಹುಡುಗನ ಕೈ ತಗಡು ಒತ್ತುವ ಪವರ್ ಪ್ರೆಸ್ಸಿಗೆ ಸಿಕ್ಕಿ ಎರಡು ಬೆರಳು ಹೋದವು. ಸುರಪುರದ ಹತ್ತಿರದ ಹಳ್ಳಿಯವನು. ಕಾರ್ಖಾನೆಯ ಮಾಲೀಕ, ಇವನು ನಮ್ಮ ಕೆಲಸದವನೇ ಅಲ್ಲ ಎಂದುಬಿಟ್ಟಿದ್ದ. ಮಾವ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೋಗಿ ಆ ಕಾರ್ಖಾನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿ ಕೂತರು. ಮಾಲೀಕ ಬಂದು ಚಿಕಿತ್ಸೆಯ ಹೊಣೆ ಒಪ್ಪಿಕೊಳ್ಳುವ ತನಕ ಏಳಲಿಲ್ಲ, ಮಧ್ಯಾಹ್ನದ ಊಟವನ್ನೂ ಅಲ್ಲಿಗೇ ತರಿಸಿಕೊಂಡರು. ಅವತ್ತಿನಿಂದ ಶರಣಪ್ಪ ಮತ್ತು ಅವನ ಹೆಂಡತಿ ಮಹಾದೇವಿ ನಮ್ಮ ಮನೆಯವರಂತೆ ಆದರು. ಮಾವನ ಬಾಯಲ್ಲಿ ಅವಳು ಮಾದೇವಿ. "ನಿಯತ್ತು ಅಂದ್ರೆ ಮಾದೇವಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಮಾವನ ರಾಜಕೀಯದಲ್ಲಿ ನಿಯತ್ತಿಗಿಂತ ದೊಡ್ಡ ಮಾತು ಇರಲಿಲ್ಲ.

ಮಹಾದೇವಿ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದಳು. ಎತ್ತರದ ಹೆಂಗಸು, ನಡೆದರೆ ಪಕ್ಕದವರು ಓಡಬೇಕು. ಲೈನಿನಲ್ಲಿ ಏನೇ ಆದರೂ ಹೆಂಗಸರು ಮೊದಲು ಅವಳ ಬಾಗಿಲಿಗೆ ಹೋಗುತ್ತಿದ್ದರು. ಅವಳು ಅದನ್ನು ಮಾವನ ಜಗಲಿಗೆ ತರುತ್ತಿದ್ದಳು. ರೇಷನ್ ಕಾರ್ಡು, ವೋಟರ್ ಕಾರ್ಡು, ಕುಡಿದು ಹೊಡೆಯುವ ಗಂಡ, ಬಾಗಿಲ ಮುಂದೆ ಕಸ ಸುರಿಯುವ ಕಾರ್ಖಾನೆ. ಇವೆಲ್ಲಕ್ಕಿಂತ ದೊಡ್ಡದು ನೀರು. ಇಡೀ ಲೈನಿಗೆ ಇದ್ದದ್ದು ಒಂದು ಬೋರು. ಅದು ಕೆಟ್ಟರೆ ಹೆಂಗಸರು ಕೊಡ ಹೊತ್ತು ಹೆದ್ದಾರಿ ದಾಟಿ ಹೋಗಬೇಕಿತ್ತು.

ನಮ್ಮೂರು ನಗರಪಾಲಿಕೆಗೆ ಸೇರಿತು. ಪಂಚಾಯಿತಿ ಹೋಯಿತು, ವಾರ್ಡು ಬಂತು. ಮೊದಲ ಚುನಾವಣೆಯ ಮಾತು ಶುರುವಾದಾಗ ಮಾರಮ್ಮನ ಗುಡಿಯ ಮುಂದೆ ಒಂದು ಸಭೆ ಆಯಿತು. ಲೈನಿನವರೂ ಬಂದಿದ್ದರು. ಮಹಾದೇವಿ ಎದ್ದು ನಿಂತು ನೀರಿನ ವಿಷಯ ಮಾತಾಡಿದಳು. ಅಳಲಿಲ್ಲ, ಬೈಯಲಿಲ್ಲ. ಬೆಳಿಗ್ಗೆ ಕೊಡ ಹೊತ್ತು ಹೋದವಳನ್ನು ಕೆಲಸಕ್ಕೆ ತಡವಾಯಿತೆಂದು ಕಾರ್ಖಾನೆಯ ಬಾಗಿಲಿಂದಲೇ ವಾಪಸ್ ಕಳಿಸಿದರೆ ಆ ದಿನ ಅವಳ ಮನೆಯಲ್ಲಿ ಏನೇನು ಆಗುತ್ತದೆ ಎಂದು ಒಂದೊಂದಾಗಿ ಹೇಳಿದಳು. ಊರಿನ ಗಂಡಸರೂ ಸುಮ್ಮನೆ ಕೇಳಿದರು. ಮಾವ ಎದ್ದು ಎಲ್ಲರ ಮುಂದೆ ಅಂದರು.

"ನಮ್ ವಾರ್ಡು ಲೇಡೀಸ್‌ಗೆ ಬಂದ್ರೆ ಮಾದೇವಿನೇ ನಿಲ್ಲಿಸ್ತೀನಿ. ಮಾರಮ್ಮನ್ ಮುಂದೆ ಯೋಳ್ತಾ ಇವ್ನಿ."

ಹೆಂಗಸರು ಚಪ್ಪಾಳೆ ತಟ್ಟಿದರು. ಮಹಾದೇವಿ ಸೆರಗಿನಿಂದ ಮುಖ ಒರೆಸಿಕೊಂಡು ಕೂತಳು. ಮೀಸಲಾತಿಯಲ್ಲಿ ನಮ್ಮ ವಾರ್ಡು ಲೇಡೀಸ್‌ಗೆ ಬರುವುದಿಲ್ಲ ಎಂದು ಮಾವನಿಗೆ ಖಾತ್ರಿ ಇತ್ತು ಅಂತ ಆಮೇಲೆ ನನ್ನ ಗಂಡ ಹೇಳಿದರು.

ಬಂತು.

ಪಕ್ಷದವರು ಕಾರಿನಲ್ಲಿ ಬಂದು ಹೋದರು. ಊರಿನ ಯಜಮಾನರು ಜಗಲಿಯಲ್ಲಿ ಕೂತು, ಬಾಡಿಗೆಗೆ ಬಂದವಳು ನಮ್ಮ ಮೇಲೆ ಕೂರುವುದಾದರೆ ನಮ್ಮ ದಾರಿ ನಾವು ನೋಡಿಕೊಳ್ಳುತ್ತೇವೆ ಎಂದು ಎದ್ದರು. ಆ ಸಂಜೆ ನಾನು ಕಾಫಿ ಕೊಡಲು ಹೋದಾಗ ಅಪ್ಪ ಮಗ ಇಬ್ಬರೇ ಇದ್ದರು.

"ಮಾತು ಕೊಟ್ಟಿದ್ದೆಯಲ್ಲಪ್ಪ" ಎಂದರು ನನ್ನ ಗಂಡ.

"ಬುಟ್ಟು ಓಗೋರಿಗೆ ಮೊದ್ಲು ಕೊಡ್ಬೇಕು ಕಣೋ. ಇಲ್ದಿದ್ರೆ ಓಗ್ಬುಡ್ತಾರೆ. ನಿಯತ್ತಿನೋರು ಎಲ್ಲಿಗ್ ಓಯ್ತಾರೆ? ಅವ್ರು ಕಾಯ್ತಾರೆ." ಮಾವ ಲೋಟ ತೆಗೆದುಕೊಳ್ಳುತ್ತ ನನ್ನ ಮುಖ ನೋಡಿದರು. "ಸುಮಿತ್ರಾ, ನಿನ್ ವೋಟರ್ ಕಾರ್ಡು ಈ ಊರಿಗೇ ಮಾಡ್ಸಿದ್ವಲ್ಲವ್ವಾ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ, "ಮಾವ, ಮಹಾದೇವಕ್ಕಂಗೆ ಹೇಳಿದ್ರಲ್ಲ" ಎಂದೆ. "ಅದು ನಾನ್ ನೋಡ್ಕೋತೀನಿ" ಎಂದರು. ನನಗೆ ಬೇಡ ಎಂದು ನನ್ನ ಗಂಡನಿಗೆ ಹೇಳಿದೆ, ಅವರು ತಮ್ಮ ಅಪ್ಪನಿಗೆ ಹೇಳಿದರು. ಆ ಮನೆಯಲ್ಲಿ ಅದಕ್ಕಿಂತ ಮುಂದಕ್ಕೆ ಮಾತು ಹೋಗುವ ದಾರಿ ಇರಲಿಲ್ಲ.

ಮರುದಿನ ಸಂಜೆ ಮಾವ ನನ್ನನ್ನು ಕರೆದುಕೊಂಡು ಮಹಾದೇವಿಯ ಮನೆಗೆ ಹೋದರು. ಅವಳು ಆಗಷ್ಟೇ ಕೆಲಸದಿಂದ ಬಂದು ರೊಟ್ಟಿ ಬಡಿಯುತ್ತಿದ್ದಳು. ಒಂದೇ ಕೋಣೆ, ಶೀಟಿನ ಕಾವು ಇನ್ನೂ ಇಳಿದಿರಲಿಲ್ಲ. "ಬರ್ರಿ ಗೌಡ್ರ. ಬಾ ತಂಗಿ" ಎಂದಳು. ಶರಣಪ್ಪ ಕುರ್ಚಿ ಕೊಟ್ಟ. ಮಾವ ಕೂರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡೇ, ಪಕ್ಷ, ಊರು, ಪರಿಸ್ಥಿತಿ ಎಂದು ಏನೇನೋ ಸುತ್ತಿ ಬಳಸಿ, ಕೊನೆಗೆ "ಈ ಸಲ ಸುಮಿತ್ರ ನಿಲ್ತಾಳೆ. ನೀನೇ ಮುಂದೆ ನಿಂತು ಗೆಲ್ಲಿಸ್ಕೊಡ್ಬೇಕು" ಎಂದರು.

ರೊಟ್ಟಿ ಬಡಿಯುವ ಸದ್ದು ನಿಂತಿತು.

"ಅಲ್ರೀ ಗೌಡ್ರ" ಎಂದ ಶರಣಪ್ಪ. "ಗುಡಿ ಮುಂದ ಅಷ್ಟು ಮಂದಿ ಎದುರಿಗೆ ಹೇಳಿದ್ರಲ್ರಿ."

"ಸುಮ್ಮನಿರ್ರಿ" ಎಂದಳು ಮಹಾದೇವಿ. ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರಿ, ಅದು ಬೇಯುವ ತನಕ ಅದನ್ನೇ ನೋಡುತ್ತಿದ್ದಳು. ಆಮೇಲೆ ಮಾವನ ಕಡೆ ತಿರುಗಿದಳು. "ಲೈನಿಗೆ ನೀರಿನ ಪೈಪು ಮೊದಲ ಆಗ್ಬೇಕ್ರಿ. ರಸ್ತಾ, ದೀಪ ಎಲ್ಲಾ ಆಮ್ಯಾಲ. ಆ ಮಾತು ಕೊಡ್ರಿ. ಉಳಿದದ್ದು ನಾ ನೋಡ್ಕೋತೀನಿ."

"ಕೊಟ್ಟೆ ಕಣವ್ವ" ಎಂದರು ಮಾವ. ಅವರ ಕಣ್ಣಲ್ಲಿ ನೀರೇ ಬಂದಿತ್ತು.

ಮಹಾದೇವಿ ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ ಹಾಕಿ ನನ್ನ ಕೈಗೆ ಕೊಟ್ಟಳು. ಬೇಡ ಅನ್ನಲು ಬಾಯಿ ಬರಲಿಲ್ಲ, ತಿನ್ನಲೂ ಆಗಲಿಲ್ಲ. ಮನೆಯ ತನಕ ಕೈಯಲ್ಲೇ ಹಿಡಿದುಕೊಂಡು ಬಂದೆ. ದಾರಿಯಲ್ಲಿ ಮಾವ ಹಗುರಾಗಿದ್ದರು. "ನೋಡ್ದಾ? ಇಂಥೋರು ಸಿಕ್ಕಲ್ಲವ್ವ" ಎಂದರು. ಆ ಕೋಣೆಯಲ್ಲಿ ಮಹಾದೇವಿ ಒಂದು ಷರತ್ತು ಹಾಕಿದ್ದಳು. ಅದು ಷರತ್ತು ಎಂದು ಅವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಆ ಬೇಸಿಗೆ ತುಂಬ ಬಿಸಿಲಿತ್ತು. ಹಗಲಲ್ಲಿ ಲೈನು ಖಾಲಿ, ಶಿಫ್ಟು ಮುಗಿಸಿ ಜನ ಬಂದ ಮೇಲೆಯೇ ಪ್ರಚಾರ. ನನ್ನ ಮದುವೆಯ ಆಲ್ಬಮ್ಮಿನಿಂದ ತೆಗೆದ ಮುಖವನ್ನು ದೊಡ್ಡದು ಮಾಡಿ ಬ್ಯಾನರ್ ಹಾಕಿಸಿದ್ದರು. ಕಿವಿಯ ಓಲೆ, ತಲೆಯ ಹೂವು ಎಲ್ಲ ಹಾಗೇ ಇತ್ತು. ಆ ಬ್ಯಾನರಿನ ಕೆಳಗೆ ನಾನು ಕೈ ಮುಗಿದುಕೊಂಡು ಮಹಾದೇವಿಯ ಹಿಂದೆ ನಡೆಯುತ್ತಿದ್ದೆ. ಪ್ರತಿ ಬಾಗಿಲಲ್ಲೂ ಹೆಂಗಸರ ಕಣ್ಣು ಮೊದಲು ಅವಳ ಮೇಲೆ, ಆಮೇಲೆ ನನ್ನ ಮೇಲೆ, ಮತ್ತೆ ಅವಳ ಮೇಲೆ.

"ಅಕ್ಕಾ, ನೀ ನಿಂದ್ರತಿ ಅಂತ ಮಾಡಿದ್ವಿ."

"ಈಕಿ ನಿಂತ್ರೂ ಅಷ್ಟ, ನಾ ನಿಂತ್ರೂ ಅಷ್ಟ. ಪೈಪಿನ ನೀರು ಬರ್ತಾವ. ನಾ ಜವಾಬ್ದಾರಿ."

ಇಷ್ಟೇ ಅವಳ ಭಾಷಣ. ಮಾವನ ಹೆಸರನ್ನಾಗಲಿ ಪಕ್ಷದ ಹೆಸರನ್ನಾಗಲಿ ಒಂದು ಬಾಗಿಲಲ್ಲೂ ಹೇಳಿದ್ದು ನನಗೆ ನೆನಪಿಲ್ಲ. ಒಂದು ಮನೆಯಲ್ಲಿ ಒಬ್ಬ ಅಜ್ಜಿ ನನ್ನ ಮುಖ ನೋಡುತ್ತಲೇ ಮಹಾದೇವಿಯನ್ನು ಕೇಳಿದಳು, "ಈಕಿಗೆ ನಮ್ಮ ಹೆಸರರ ಗೊತ್ತದೇನ?"

"ಕಲೀತಾಳ ಬಿಡಬೇ" ಎಂದಳು ಮಹಾದೇವಿ. ಆ ಸಂದಿಯಿಂದ ಹೊರಗೆ ಬಂದ ಮೇಲೆ ನಿಜವಾಗಿಯೂ ಕಲಿಸಿದಳು. ಈ ಮನೆ ಭೀಮವ್ವಂದು, ಗಂಡ ಫೌಂಡ್ರಿಯಲ್ಲಿ, ಮಗಳಿಗೆ ಫಿಟ್ಸ್ ಬರುತ್ತದೆ. ಆ ಮನೆ ದೇವಮ್ಮಂದು, ಊರಿಗೆ ಹೋಗಿದ್ದಾಳೆ, ಓಟಿಗೆ ಬರುತ್ತಾಳೆ. ಹೀಗೆ ಸಾಲು ಸಾಲಾಗಿ. ನನ್ನ ಬದಲು ಅವಳೇ ನಿಂತಿದ್ದರೆ ಇದ್ಯಾವುದನ್ನೂ ಯಾರಿಗೂ ಕಲಿಸಬೇಕಾಗಿರಲಿಲ್ಲ. ಅದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ಒಮ್ಮೆಯೂ ಅದನ್ನು ಮುಖದಲ್ಲಿ ತೋರಿಸಲಿಲ್ಲ. ತೋರಿಸಿದ್ದರೆ ನನಗೆ ಸ್ವಲ್ಪ ಸಲೀಸಾಗುತ್ತಿತ್ತು.

ಪ್ರಚಾರಕ್ಕೆಂದು ಮೇಲಿಂದ ಮೇಲೆ ರಜೆ ಹಾಕಿದ್ದಕ್ಕೆ ಗಾರ್ಮೆಂಟ್ಸಿನವರು ಅವಳನ್ನು ಕೆಲಸದಿಂದ ತೆಗೆದರು. ಮಾವನಿಗೆ ಹೇಳಿದೆ. "ಗೆದ್ಮ್ಯಾಲೆ ಒಂದ್ ಮಾತು ಯೋಳಿದ್ರಾಯ್ತು" ಎಂದರು.

ಗೆದ್ದೆವು. ಊರಿನ ಓಟು ಎರಡೂ ಕಡೆ ಹಂಚಿಹೋಗಿತ್ತು. ಲೈನಿನ ಓಟು ಮಾತ್ರ ಒಂದೇ ಕಡೆ ಬಿದ್ದಿತ್ತು. ಮನೆಯ ಮುಂದೆ ತಮಟೆ, ಪಟಾಕಿ, ನನ್ನ ಕುತ್ತಿಗೆಗೆ ಹಾರದ ಮೇಲೆ ಹಾರ. ಬಿಟ್ಟು ಹೋಗುತ್ತೇವೆ ಎಂದು ಎದ್ದಿದ್ದ ಯಜಮಾನರು ಎಲ್ಲರಿಗಿಂತ ಮೊದಲು ಬಂದು ಜಗಲಿಯ ಕುರ್ಚಿಗಳಲ್ಲಿ ಕೂತಿದ್ದರು. ಲೈನಿನ ಹೆಂಗಸರು ಆರತಿ ತಟ್ಟೆ ಹಿಡಿದು ಗೇಟಿನ ಹತ್ತಿರ ನಿಂತಿದ್ದರು. ಮಾವ ಅವರನ್ನು ನೋಡಿ ಪ್ರೀತಿಯಿಂದಲೇ ಕೂಗಿದರು.

"ಮಾದೇವಿ, ಅಲ್ಯಾಕ್ ನಿಂತಿದ್ದೀ? ನೀನು ನಮ್ಮನೆಯೋಳಲ್ವಾ? ಒಳೀಕ್ ಬಾ, ಎಲ್ಲರ್ಗೂ ಊಟಕ್ ಬಡ್ಸು."

ಅವಳು ಬಂದು ಕೈ ತೊಳೆದು ಅನ್ನದ ಬುಟ್ಟಿ ಎತ್ತಿಕೊಂಡಳು. ನಾನು ಕುತ್ತಿಗೆಯಲ್ಲಿ ಹಾರ ಹಾಕಿಕೊಂಡು ಎಲೆಯ ಮುಂದೆ ಕೂತಿದ್ದೆ. ಅವಳು ನನಗೂ ಬಡಿಸಿದಳು. ಅವತ್ತು ನಾನು ಏನು ಉಂಡೆ ಎಂದು ಕೇಳಿದರೆ ಹೇಳಲಾರೆ, ತಲೆ ಎತ್ತಲೇ ಇಲ್ಲ.

ಮೊದಲ ಕೆಲಸದ ಹಣ ಬಂದಾಗ ಪೈಪು ಮೊದಲು ಎಂದು ನಾನು ಹೇಳಿದೆ. ಮಾವ ಇಲ್ಲ ಅನ್ನಲಿಲ್ಲ. "ಆಯ್ತವ್ವ, ಮಾಡನ. ಮೊದ್ಲು ರಸ್ತೆ ಆಗ್ಬುಡ್ಲಿ" ಎಂದರು. ಆ ಯಜಮಾನರ ಸೈಟುಗಳು ಇದ್ದ ಕಡೆ ಕಾಂಕ್ರೀಟ್ ರಸ್ತೆ ಆಗಬೇಕಿತ್ತು. ಅವರನ್ನು ಉಳಿಸಿಕೊಳ್ಳಬೇಕಿತ್ತು. ಲೈನಿನವರು ಎಲ್ಲಿಗೆ ಹೋಗುತ್ತಾರೆ ಎಂಬ ಮಾತು ಈ ಸಲ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ರಸ್ತೆ ಆಯಿತು. ಹಳೆಯ ರಸ್ತೆಗಿಂತ ಮೊಣಕಾಲೆತ್ತರ ಮೇಲಕ್ಕೆ, ನುಣ್ಣಗೆ, ಬೆಳ್ಳಗೆ. ಅದರ ತುದಿಯಲ್ಲಿ ನನ್ನ ಹೆಸರು ಕೆತ್ತಿದ ಕಲ್ಲು.

ಆ ಸಲ ಮುಂಗಾರು ಜೋರಾಗಿಯೇ ಬಂತು. ಒಂದು ಸಂಜೆ ಶುರುವಾದ ಮಳೆ ಬೆಳಗಿನ ತನಕ ಹೊಡೆಯಿತು. ಮೊದಲು ಮೇಲಿನ ಕಡೆಯ ನೀರು ತಗ್ಗಿನಲ್ಲಿ ಹರಿದು ಲೈನಿನ ಆಚೆ ಹಳ್ಳಕ್ಕೆ ಸೇರುತ್ತಿತ್ತು. ಈಗ ಲೈನಿಗೂ ಹಳ್ಳಕ್ಕೂ ನಡುವೆ ಎತ್ತರದ ರಸ್ತೆ ಅಡ್ಡ ಬಂದಿತ್ತು. ನೀರು ದಾಟಲು ಅದರ ಕೆಳಗೆ ಯಾರೂ ದಾರಿ ಬಿಟ್ಟಿರಲಿಲ್ಲ. ನೀರೆಲ್ಲ ಲೈನಿನಲ್ಲೇ ನಿಂತುಬಿಟ್ಟಿತು.

ಬೆಳಿಗ್ಗೆ ಮಳೆ ಬಿಟ್ಟಾಗ ಮಹಾದೇವಿ ಬಂದಳು. ಅವಳ ಹಿಂದೆ ಲೈನಿನ ಹೆಂಗಸರು. ಎಲ್ಲರ ಸೀರೆಯೂ ಮೊಣಕಾಲ ತನಕ ಕೆಸರು. ಮಾವ ಜಗಲಿಯಲ್ಲಿದ್ದರು. ಅವಳು ಅವರ ಕಡೆ ಹೋಗದೆ ಬಾಗಿಲಲ್ಲಿ ನಿಂತಿದ್ದ ನನ್ನ ಹತ್ತಿರ ಬಂದಳು.

"ತಂಗಿ, ನಾ ಬಾಗಿಲ ಬಾಗಿಲಿಗೆ ಹೋಗಿ ಜವಾಬ್ದಾರಿ ನಂದು ಅಂದಿದ್ದೆ. ಈಗ ಎಲ್ಲಾರೂ ನನ್ನ ಬಾಗಿಲಿಗೆ ಬರ್ಲಿಕತ್ಯಾರ. ಜ್ವಾಳ, ಹಾಸಿಗಿ, ಹುಡುಗರ ಪುಸ್ತಕ ಎಲ್ಲಾ ನೀರಾಗ ಅದ. ನಾ ಏನ ಹೇಳ್ಲಿ ಅವರಿಗೆ?"

ನಾನು ಮಾವನ ಕಡೆ ನೋಡಿದೆ. ಮಾವ ಎದ್ದು ನಿಂತರು. ಕೂತುಕೋ ಎಂದು ಅವತ್ತು ಅವರು ಯಾರಿಗೂ ಹೇಳಲಿಲ್ಲ.

"ಏನ್ ಮಾದೇವಿ, ನೀನೇ ಇಂಗೆ ಜನ ಕಟ್ಕೊಂಡ್ ಮನೆ ಮುಂದಕ್ ಬಂದ್ರೆ ಊರ್ನೋರು ಏನಂದಾರು? ನಿನ್ ನಿಯತ್ತಿನ್ ಮ್ಯಾಲೆ ನಾನು ಎಷ್ಟು ನಂಬ್ಕೆ ಮಡಗಿದ್ದೆ."

ಮಹಾದೇವಿ ದನಿ ಎತ್ತರಿಸಲಿಲ್ಲ. "ನಿಯತ್ತು ಅದ ರೀ ಗೌಡ್ರ. ನೀವು ನಮ್ಮ ಮನಿಯವರ ಬೆರಳು ಹೋದಾಗ ಬಂದು ಕುಂತ್ರಿ, ಅದನ್ನ ಸಾಯೂತನ ಮರೆಯೂದಿಲ್ಲ. ಆದ್ರ ನಾ ಓಟು ಕೇಳಿದ್ದು ನಿಮ್ಮ ಸಲುವಾಗಿ ಅಲ್ರಿ. ನೀರಿನ ಸಲುವಾಗಿ ಕೇಳೀನಿ."

ಅವಳು ಗಟ್ಟಿಯಾಗಿ ಬೈದಿದ್ದರೆ ಮಾವ ಉತ್ತರ ಕೊಡುತ್ತಿದ್ದರು. "ಇಂಜಿನಿಯರ್‌ಗೆ ಯೋಳ್ತೀನಿ, ಓಗಿ" ಎಂದು ಒಳಗೆ ಹೋದರು.

ಇಂಜಿನಿಯರ್ ಬರಲಿಲ್ಲ. ಮೋಡ ಮತ್ತೆ ಕಪ್ಪಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಲೈನಿನ ಗಂಡಸರು ಹೆಂಗಸರು ಕಾರ್ಖಾನೆಗಳಿಂದ ಹಾರೆ, ಸುತ್ತಿಗೆ ತಂದು ರಸ್ತೆಯನ್ನು ಒಂದು ಕಡೆ ಅಡ್ಡಲಾಗಿ ಒಡೆದರು. ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಕಾಲುವೆಯಷ್ಟಗಲ ಬಾಯಿ ಬಿಟ್ಟಿತ್ತು, ಕೆಂಪು ನೀರು ಅದರಲ್ಲಿ ಭೋರ್ಗರೆದು ಹಳ್ಳಕ್ಕೆ ಇಳಿಯುತ್ತಿತ್ತು. ಮನೆಗಳ ಒಳಗಿನ ನೀರು ಕಣ್ಣೆದುರಿಗೇ ತಗ್ಗುತ್ತಿತ್ತು. ಮಹಾದೇವಿ ಹಾರೆ ಊರಿಕೊಂಡು ನಿಂತಿದ್ದಳು.

ಅಷ್ಟರಲ್ಲಿ ಊರಿನ ಯಜಮಾನರು ಪೊಲೀಸರನ್ನು ಕರೆಸಿದರು. ಜೀಪು ಬಂತು, ಹಿಂದೆಯೇ ಮಾವನೂ ಬಂದರು. ಇನ್‌ಸ್ಪೆಕ್ಟರ್ ನನ್ನ ಕಡೆ ನೋಡಲೂ ಇಲ್ಲ. ಗೆದ್ದವಳು ನಾನಾದರೂ ಅವರಿಗೆ ಗೊತ್ತಿದ್ದದ್ದು ಮಾವನ ಮುಖ.

"ಸರ್ಕಾರದ ರಸ್ತೆ, ಕೆಂಪಣ್ಣೋರೇ. ಕಂಪ್ಲೇಂಟ್ ಕೊಡ್ತೀವಿ ಅಂತಿದ್ದಾರೆ. ಯಾರು ಒಡೆಸಿದ್ದು?"

ನಾನು ಮಾವನ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. "ಮಾವ, ನಾವೇ ಒಡೆಸಿದ್ದು ಅಂತ ಹೇಳಿ. ನೀರು ಹೋಗಲಿ ಅಂತ ಮೆಂಬರೇ ಒಡೆಸಿದ್ರು ಅಂದ್ರೆ ಮುಗೀತು."

ಅವರಿಗೆ ಕೇಳಿಸಿತು. ಅವರು ಒಂದು ಸಲ ಯಜಮಾನರ ಕಡೆ ನೋಡಿದರು, ಒಂದು ಸಲ ಲೈನಿನವರ ಕಡೆ ನೋಡಿದರು. ಕಾರ್ಖಾನೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದ ಮನುಷ್ಯ ಇವರೇ ಅಲ್ಲವೇ ಎಂದುಕೊಂಡು ನಾನು ಕಾಯುತ್ತಿದ್ದೆ. ಅಲ್ಲಿದ್ದವರೆಲ್ಲ ಕಾಯುತ್ತಿದ್ದರು. ಮಾವ ಹೆಗಲ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು. ಒರೆಸುತ್ತಲೇ ಇದ್ದರು.

"ನಾನ್ರಿ ಸಾಹೇಬ್ರ" ಎಂದಳು ಮಹಾದೇವಿ. ಹಾರೆಯನ್ನು ಶರಣಪ್ಪನ ಕೈಗೆ ಕೊಟ್ಟು ತಾನೇ ಹೋಗಿ ಜೀಪು ಹತ್ತಿದಳು.

ಲೈನಿನ ಹೆಂಗಸರು ಜೀಪಿನ ಹಿಂದೆ ನಡೆದು ಠಾಣೆಗೆ ಹೋದರು. ನಾನೂ ಹೋದೆ. ಠಾಣೆಯ ಅಂಗಳದಲ್ಲಿ ಎಲ್ಲರೂ ನೆಲದ ಮೇಲೆ ಕೂತರು, ನಾನೂ ಕೂತೆ. ಪ್ರಚಾರದಲ್ಲಿ ಈಕೆಗೆ ನಮ್ಮ ಹೆಸರಾದರೂ ಗೊತ್ತೇ ಎಂದು ಕೇಳಿದ್ದ ಅಜ್ಜಿ ತನ್ನ ಗೋಣಿಚೀಲವನ್ನು ಸ್ವಲ್ಪ ಸರಿಸಿ ನನಗೆ ಜಾಗ ಮಾಡಿಕೊಟ್ಟಳು. ಅವಳ ಹೆಸರು ಸಿದ್ದವ್ವ ಎಂದು ನನಗೆ ಗೊತ್ತಿತ್ತು. ಹೇಳಲು ನಾಲಿಗೆ ಏಳಲಿಲ್ಲ.

ಕತ್ತಲಾಗುವ ಮೊದಲು ಮಾವ ನನ್ನ ಗಂಡನ ಜೊತೆ ಕಾರಿನಲ್ಲಿ ಬಂದು ಒಳಗೆ ಮಾತಾಡಿದರು. ಮಹಾದೇವಿಯನ್ನು ಬಿಟ್ಟರು. ಮಾವ ಕಾರಿನ ಬಾಗಿಲು ತೆಗೆದು, "ಕಾರ್ ಅತ್ತವ್ವ, ಮನೆತಾವ ಬುಡ್ತೀವಿ" ಎಂದರು.

"ಬ್ಯಾಡ್ರಿ. ಇಷ್ಟು ಮಂದಿ ಬಂದಾರ. ನಡಕೊಂತ ಹೋಗ್ತೀವಿ."

ಬಾಗಿಲು ತೆಗೆದೇ ಇತ್ತು. "ಸುಮಿತ್ರಾ, ನೀನಾದ್ರೂ ಬಾ" ಎಂದರು ಮಾವ. ಅವರ ದನಿ ಸೋತಿತ್ತು. ಅಷ್ಟು ಜನರ ಮುಂದೆ ಅವರಿಗೆ ಬೇಡ ಅನ್ನಲು ನನ್ನಿಂದ ಆಗಲಿಲ್ಲ, ಹತ್ತಿ ಕೂತೆ. ಮಳೆ ಹನಿಯಲು ಶುರುವಾಗಿತ್ತು. ಕಿರಿದಾದ ರಸ್ತೆಯ ತುಂಬ ಹೆಂಗಸರು ನಡೆಯುತ್ತಿದ್ದರು, ನಮ್ಮ ಕಾರು ಅವರ ಹಿಂದೆ ಆಮೆಯಂತೆ ಹೋಗುತ್ತಿತ್ತು. ನನ್ನ ಗಂಡ ಹಾರ್ನ್ ಹೊಡೆಯಲಿಲ್ಲ. ಮುಂದೆ ಹೋಗುತ್ತಿದ್ದ ಮಹಾದೇವಿಯೇ ತಿರುಗಿ ನೋಡಿ, ಪಕ್ಕದವಳ ತೋಳು ಹಿಡಿದು ಎಳೆದು, "ಸರೀರಿ, ಗೌಡ್ರ ಗಾಡಿ ಬಂದದ" ಎಂದು ಎಲ್ಲರನ್ನೂ ಬದಿಗೆ ನಿಲ್ಲಿಸಿದಳು. ನಾವು ಅವರ ನಡುವೆ ಹಾದು ಹೋದೆವು.

ಆಮೇಲೆ ನಾನು ನಗರಪಾಲಿಕೆಯ ಕಚೇರಿಗೆ ಮಾವನನ್ನು ಬಿಟ್ಟು ಒಬ್ಬಳೇ ಹೋಗತೊಡಗಿದೆ. ಇಂಜಿನಿಯರರ ಮೇಜಿನ ಮುಂದೆ ಕೂತು, ಲೈನಿನ ಪೈಪು ಆಗುವ ತನಕ ಬೇರೆ ಯಾವ ಕೆಲಸಕ್ಕೂ ಸಹಿ ಹಾಕುವುದಿಲ್ಲ ಎಂದೆ. ಅವರು ಮಾವನಿಗೆ ಫೋನು ಮಾಡಿದರು. ಮಾವ, "ಅವ್ಳು ಯೋಳ್ದಂಗೆ ಮಾಡಿ" ಎಂದರಂತೆ. 'ನಿಯತ್ತು' ಎಂಬ ಮಾತು ಅವರ ಬಾಯಲ್ಲಿ ಕಡಿಮೆಯಾಗಿತ್ತು. ಬೆಳಿಗ್ಗೆ ಜಗಲಿಗೆ ಬರುವವರೂ ಕಡಿಮೆಯಾಗಿದ್ದರು. ಯಜಮಾನರು ಬರುತ್ತಿದ್ದರು, ಲೈನಿನವರು ಬರುತ್ತಿರಲಿಲ್ಲ. ಜಗಳವೇನೂ ಇರಲಿಲ್ಲ. ದಾರಿಯಲ್ಲಿ ಸಿಕ್ಕರೆ ಮಹಾದೇವಿ "ಅರಾಮ ಇದ್ದೀ ತಂಗಿ?" ಎಂದು ಕೇಳುತ್ತಿದ್ದಳು. ಅಷ್ಟೇ. ಅವಳು ಬೇರೆ ಗಾರ್ಮೆಂಟ್ಸಿಗೆ ಸೇರಿದ್ದಳು. ಹಳೆಯ ಗಾರ್ಮೆಂಟ್ಸಿನವರಿಗೆ ಮಾವ ಹೇಳುತ್ತೇನೆಂದಿದ್ದ ಒಂದು ಮಾತಿಗೆ ಅವಳು ಕಾಯಲಿಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ಪೈಪು ಬಂತು. ಲೈನಿನ ಬಾಯಲ್ಲಿ ಕಟ್ಟೆ ಕಟ್ಟಿ ಸಾಲಾಗಿ ನಲ್ಲಿಗಳನ್ನು ಇಟ್ಟರು. ಉದ್ಘಾಟನೆ ಬೇಡ ಎಂದು ನಾನು ಹೇಳಿದರೂ ಪಕ್ಷದವರು ಶಾಮಿಯಾನ ಹಾಕಿಸಿದರು. ಹಿಂದಿನ ಸಂಜೆ ನಾನು ಮಹಾದೇವಿಯ ಮನೆಗೆ ಹೋಗಿ, ನಲ್ಲಿ ನೀವೇ ತಿರುಗಿಸಬೇಕು ಎಂದು ಕೇಳಿಕೊಂಡೆ.

"ಹೊಸ ಕೆಲಸ ತಂಗಿ, ರಜಾ ಕೊಡೂದಿಲ್ಲ" ಎಂದಳು. "ನೀ ಬಿಡು ನೀರು. ಯಾರು ಬಿಟ್ರೂ ನೀರು ನೀರ."

ಬೆಳಿಗ್ಗೆ ಅವಳು ಬುತ್ತಿ ಚೀಲ ಹಿಡಿದು ಶಾಮಿಯಾನದ ಪಕ್ಕದಿಂದಲೇ ಡ್ಯೂಟಿಗೆ ಹೋದಳಂತೆ. ನಾವು ಅಲ್ಲಿಗೆ ಹೋದಾಗ, ಮನೆಯಲ್ಲಿದ್ದ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ನಿಂತಿದ್ದರು. ಮುಂದುಗಡೆ ಸಿದ್ದವ್ವ. ಯಜಮಾನರು ಕುರ್ಚಿಗಳಲ್ಲಿದ್ದರು. ಫೋಟೊ ತೆಗೆಯುವವನು ನನ್ನನ್ನು ಹೀಗೆ ತಿರುಗಿ, ಹಾಗೆ ತಿರುಗಿ ಎಂದ. ನಾನು ಟೇಪು ಕತ್ತರಿಸಿ ಮೊದಲ ನಲ್ಲಿ ತಿರುಗಿಸಿದೆ. ಸ್ವಲ್ಪ ಗಾಳಿ, ಸ್ವಲ್ಪ ಕೆಂಪು ನೀರು, ಆಮೇಲೆ ತಿಳಿ ನೀರು ದಪ್ಪಗೆ ಸುರಿಯತೊಡಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಕೊಡ ಇಡೀರಿ" ಎಂದರು ಮಾವ.

ಯಾರೂ ಮುಂದೆ ಬರಲಿಲ್ಲ. ನಾಚಿಕೆಯಿರಬೇಕು ಎಂದುಕೊಂಡು ನಾನೇ ಸಿದ್ದವ್ವನ ಹತ್ತಿರ ಹೋಗಿ, "ಬನ್ನಿ ಸಿದ್ದವ್ವ" ಎಂದು ಕೊಡಕ್ಕೆ ಕೈ ಹಾಕಿದೆ. ಅವಳು ಕೊಡ ಬಿಡಲಿಲ್ಲ. ಸಿಟ್ಟಿನಿಂದಲ್ಲ, ಮಗುವಿಗೆ ತಿಳಿಸಿ ಹೇಳುವವಳಂತೆ ಹೇಳಿದಳು.

"ಮಾದೇವಿ ಸಂಜಿಗೆ ಬರ್ತಾಳವ್ವ. ಮೊದಲನೇ ಕೊಡ ಆಕಿ ಹಿಡೀಲಿ. ಆಮ್ಯಾಲ ನಾವು."

ವರ್ಷಗಟ್ಟಲೆ ಹೆದ್ದಾರಿ ದಾಟಿ ನೀರು ಹೊತ್ತವರು. ಅವರ ಕಾಲ ಹತ್ತಿರವೇ ನೀರು ಸುರಿದು ಹರಿಯುತ್ತಿತ್ತು, ಒಬ್ಬರೂ ಕೊಡ ಒಡ್ಡಲಿಲ್ಲ. ಯಜಮಾನರೊಬ್ಬರು ಏನೋ ಗೊಣಗಿ ಎದ್ದರು. ಮಾವ ಕೂತಲ್ಲಿಂದಲೇ ಆ ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಅವರೆಲ್ಲರ ಹೆಸರು ಅವರಿಗೆ ಗೊತ್ತಿತ್ತು. ಒಬ್ಬರನ್ನೂ ಹೆಸರು ಹಿಡಿದು ಕರೆಯಲಿಲ್ಲ.

ನಾನು ಬಗ್ಗಿ ನಲ್ಲಿ ನಿಲ್ಲಿಸಿದೆ.